ಆಯಿಗೆ ಬಿಸಿನೆಸ್ ಕ್ಲಾಸ್ ತೆಗೆಯುವ ಮುಂಚೆ ಸೀಟು ಯಾವುದು ಅಂತ ನೋಡಿ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯಿಂದ ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗುವ ತಾಯಂದಿರು ಈಗ ಅಪರೂಪವೇನಲ್ಲ. ಭಟ್ಕಳ, ಹೊನ್ನಾವರದವರಿಗೆ ಕೊಲ್ಲಿ ದೇಶಗಳ ಓಡಾಟ ಇನ್ನೂ ಹಳೆಯದು. ಕಾರವಾರದವರಿಗೆ ಗೋವಾ ಹತ್ತಿರ, ಭಟ್ಕಳದವರಿಗೆ ಮಂಗಳೂರು ಹತ್ತಿರ, ಅಮೆರಿಕ ಯುರೋಪಿಗೆ ಹೊರಟವರಿಗೆ ಹೆಚ್ಚಾಗಿ ಬೆಂಗಳೂರೇ ಗತಿ. ಜಿಲ್ಲೆಯೊಳಗೆ ಜನ ಹತ್ತುವ ವಿಮಾನ ನಿಲ್ದಾಣ ಇನ್ನೂ ಆಗಿಲ್ಲ. ಅಂಕೋಲೆಯ ಅಲಗೇರಿಯದು ಇನ್ನೂ ಯೋಜನೆಯಾಗಿಯೇ ಇದೆ. ಹಾಗಾಗಿ ವಿಮಾನ ಹತ್ತುವ ಹೊತ್ತಿಗೇ ವಯಸ್ಸಾದವರು ಅರ್ಧ ದಣಿದಿರುತ್ತಾರೆ.

ಇದನ್ನು ನೋಡಿಯೇ ಮಕ್ಕಳು "ಈ ಸಲ ಆಯಿಗೆ ಬಿಸಿನೆಸ್ ಕ್ಲಾಸ್ ತೆಗೆಯೋಣ" ಅನ್ನುವುದು. ನಮ್ಮ ನೆಂಟರಲ್ಲಿ ಇಂಥ ಟಿಕೆಟ್ ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: "ಯಾವ ಏರ್‌ಲೈನ್ ಒಳ್ಳೇದು?" ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡಲು ಬರುವುದಿಲ್ಲ. ಒಂದೇ ಕಂಪನಿಯ ಎರಡು ವಿಮಾನಗಳಲ್ಲಿ ಬಿಸಿನೆಸ್ ಕ್ಲಾಸ್ ಸೀಟು ಪೂರ್ತಿ ಬೇರೆ ಬೇರೆ ಇರಬಹುದು. ಟಿಕೆಟ್ಟಿನ ಮೇಲೆ ಎರಡಕ್ಕೂ ಒಂದೇ ಹೆಸರು. ಕೇಳಬೇಕಾದ ಪ್ರಶ್ನೆ ಇದು: ಆ ದಿನ, ಆ ದಾರಿಯಲ್ಲಿ, ಯಾವ ವಿಮಾನ ಬರುತ್ತದೆ, ಅದರೊಳಗೆ ಯಾವ ಸೀಟಿದೆ? ಲಕ್ಷಗಟ್ಟಲೆ ಕೊಡುವಾಗ ಇಷ್ಟಾದರೂ ತಿಳಿದಿರಬೇಕು, ಅಲ್ವಾ?

ಒರಗುವುದು ಬೇರೆ, ಮಲಗುವುದು ಬೇರೆ

ಬಿಸಿನೆಸ್ ಕ್ಲಾಸಿನ ಸೀಟು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಒರಗುವ ಸೀಟು, ಅಂದರೆ ರಿಕ್ಲೈನರ್. ಅಗಲ ಜಾಸ್ತಿ, ಕಾಲಿಗೆ ಜಾಗ ಜಾಸ್ತಿ, ಬೆನ್ನು ಚೆನ್ನಾಗಿ ಹಿಂದಕ್ಕೆ ವಾಲುತ್ತದೆ, ಅಷ್ಟೇ. ಎರಡನೆಯದು ಇಳಿಜಾರು ಸೀಟು. ಬಿಚ್ಚಿದರೆ ಚಪ್ಪಟೆಯೇ ಆಗುತ್ತದೆ, ಆದರೆ ತಲೆ ಮೇಲೆ, ಕಾಲು ಕೆಳಗೆ. ನಿದ್ದೆ ಹತ್ತಿದ ಮೇಲೆ ಮೈ ನಿಧಾನಕ್ಕೆ ಕೆಳಗೆ ಜಾರುತ್ತದೆ. ಮೂರನೆಯದು ಪೂರ್ತಿ ಮಟ್ಟಸವಾಗಿ ಹಾಸಿಗೆಯಾಗುವ ಸೀಟು. ಇದನ್ನೇ ಫುಲ್ ಫ್ಲಾಟ್, ಲೈ ಫ್ಲಾಟ್ ಅನ್ನುತ್ತಾರೆ. ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದವರಿಗೆ ಸೆಮಿ ಸ್ಲೀಪರ್‌ಗೂ ಸ್ಲೀಪರ್‌ಗೂ ಏನು ವ್ಯತ್ಯಾಸ ಅಂತ ಬೆನ್ನಿಗೇ ಗೊತ್ತಿರುತ್ತದೆ. ಇಲ್ಲಿಯೂ ಅದೇ ವ್ಯತ್ಯಾಸ. ಕೂರುವ ಹೊತ್ತು ಮಾತ್ರ ಹೆಚ್ಚು.

ಬಿಸಿನೆಸ್ ಕ್ಲಾಸಿಗೆ ಮಟ್ಟಸವಾದ ಹಾಸಿಗೆ ತಂದದ್ದು ಬ್ರಿಟಿಷ್ ಏರ್‌ವೇಸ್, 2000ದಲ್ಲಿ. ಅಲ್ಲಿಯವರೆಗೆ ಅದು ಫಸ್ಟ್ ಕ್ಲಾಸಿನವರಿಗೆ ಮಾತ್ರ ಸಿಗುತ್ತಿದ್ದ ಸುಖ. ಈಗ ದೂರ ಹಾರುವ ದೊಡ್ಡ ವಿಮಾನಗಳಲ್ಲಿ ಅದು ಮಾಮೂಲಿಯಾಗಿದೆ. ಇಳಿಜಾರು ಸೀಟು ಬಹುಪಾಲು ಮರೆಯಾಗುತ್ತಾ ಬಂದಿದೆ.

ಒರಗುವ ಸೀಟು ಮಾತ್ರ ಎಲ್ಲಿಗೂ ಹೋಗಿಲ್ಲ. ಮಧ್ಯದಲ್ಲಿ ಓಡಾಡಲು ಒಂದೇ ದಾರಿ ಇರುವ ಸಣ್ಣ ವಿಮಾನಗಳಲ್ಲಿ, ಅಂದರೆ ಏರ್‌ಬಸ್ ಎ320, ಬೋಯಿಂಗ್ 737 ಜಾತಿಯವುಗಳಲ್ಲಿ, ಬಿಸಿನೆಸ್ ಅಂದರೆ ಹೆಚ್ಚಾಗಿ ಇದೇ. ಏರ್ ಇಂಡಿಯಾದ ಎ320ರಲ್ಲಿ ದಾರಿಯ ಆಚೆ ಎರಡು, ಈಚೆ ಎರಡು ಒರಗುವ ಸೀಟು. ಇಂಡಿಗೋ 2024ರ ಕೊನೆಗೆ ಸ್ಟ್ರೆಚ್ ಅನ್ನುವ ಹೆಸರಲ್ಲಿ ಶುರುಮಾಡಿದ ಬಿಸಿನೆಸ್ ಕ್ಲಾಸ್ ಕೂಡ ಒರಗುವ ಸೀಟೇ. ಹಾಗಂತ ಸಣ್ಣ ವಿಮಾನದಲ್ಲಿ ಹಾಸಿಗೆ ಇರುವುದೇ ಇಲ್ಲ ಅಂತಲೂ ಅಲ್ಲ. ಫ್ಲೈದುಬೈ ಮತ್ತು ಸಿಂಗಪುರ್ ಏರ್‌ಲೈನ್ಸ್ ತಮ್ಮ 737 ಮ್ಯಾಕ್ಸ್ ವಿಮಾನಗಳಲ್ಲಿ ಮಲಗುವ ಸೀಟನ್ನೇ ಹಾಕಿವೆ. ಆದ್ದರಿಂದ ಊಹೆ ಮಾಡಬಾರದು, ನೋಡಬೇಕು.

ನೋಡುವಾಗ ಒಂದು ಅಳತೆ ಜನರನ್ನು ದಾರಿ ತಪ್ಪಿಸುತ್ತದೆ. ಅದು ಪಿಚ್. ಒಂದು ಸೀಟಿನ ಒಂದು ಜಾಗದಿಂದ ಅದರ ಮುಂದಿನ ಸೀಟಿನ ಅದೇ ಜಾಗಕ್ಕೆ ಇರುವ ದೂರವೇ ಪಿಚ್. ಎಕಾನಮಿಯಲ್ಲಿ, ಒರಗುವ ಸೀಟಿನಲ್ಲಿ ಈ ಅಳತೆಗೆ ಅರ್ಥ ಇದೆ. ಪಿಚ್ ಜಾಸ್ತಿಯಾದಷ್ಟೂ ಮೊಣಕಾಲಿಗೆ ಜಾಗ ಜಾಸ್ತಿ. ಹಾಸಿಗೆಯಾಗುವ ಸೀಟಿನಲ್ಲಿ ಅದಕ್ಕೆ ಅಷ್ಟು ಬೆಲೆ ಇಲ್ಲ. ಅಲ್ಲಿ ಕಾಲು ಮುಂದಿನವರ ಪಕ್ಕದ ಮೇಜಿನ ಕೆಳಗೆ ಹೋಗಿ ಸೇರುತ್ತದೆ. 44 ಇಂಚಿನ ಪಿಚ್‌ನಲ್ಲೂ ಆರೂವರೆ ಅಡಿ ಉದ್ದದ ಹಾಸಿಗೆ ಬರಬಹುದು. ಅಲ್ಲಿ ಕೇಳಬೇಕಾದದ್ದು ಹಾಸಿಗೆಯ ಉದ್ದ. ಸಾಮಾನ್ಯವಾಗಿ ಅದು 76ರಿಂದ 80 ಇಂಚು ಇರುತ್ತದೆ. ನಮ್ಮ ಅಪ್ಪ ಅಮ್ಮಂದಿರ ಎತ್ತರಕ್ಕೆ ಇದು ಧಾರಾಳ. ಅವರಿಗೆ ಉದ್ದದ ಸಮಸ್ಯೆ ಬರುವುದು ಕಡಿಮೆ. ಬರುವುದು ಬೇರೆ ಸಮಸ್ಯೆಗಳು.

ಯಾರನ್ನೂ ದಾಟದೆ ಎದ್ದು ಹೋಗಲು ಆಗುತ್ತದಾ?

ರಾತ್ರಿ ಎರಡು ಮೂರು ಸಲ ಬಾತ್‌ರೂಮಿಗೆ ಏಳುವ ವಯಸ್ಸು. ಪಕ್ಕದಲ್ಲಿ ಅಪರಿಚಿತರು ಕಾಲು ಚಾಚಿ ಮಲಗಿದ್ದಾರೆ. ಅವರನ್ನು ಎಬ್ಬಿಸಬೇಕು, ಇಲ್ಲವೇ ಅವರ ಕಾಲು ದಾಟಬೇಕು. ನಮ್ಮ ಕಡೆಯ ಹೆಂಗಸರು ಎಷ್ಟು ಸಂಕೋಚ ಪಡುತ್ತಾರೆ ಅಂದರೆ, ಬೆಳಗಿನವರೆಗೆ ತಡೆದುಕೊಂಡು ಕೂತುಬಿಡುತ್ತಾರೆ. ಏಳಬೇಕಾಗುತ್ತದೆ ಅಂತ ನೀರನ್ನೇ ಕುಡಿಯುವುದಿಲ್ಲ. ಇದು ಆರೋಗ್ಯಕ್ಕೇ ಕೆಟ್ಟದ್ದು. ಅದಕ್ಕೇ ವಯಸ್ಸಾದವರ ಟಿಕೆಟ್ ನೋಡುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಈ ವಿಷಯವನ್ನೇ.

ಇದನ್ನು ತಿಳಿಯುವುದು ಸುಲಭ. ಒಂದು ಸಾಲಿನಲ್ಲಿ ಸೀಟುಗಳನ್ನು ಹೇಗೆ ಜೋಡಿಸಿದ್ದಾರೆ ಅಂತ ಮೂರು ಅಂಕಿಗಳಲ್ಲಿ ಬರೆಯುತ್ತಾರೆ. 1-2-1 ಅಂದರೆ ಎಡ ಕಿಟಕಿಗೆ ಒಂದು, ಮಧ್ಯೆ ಎರಡು, ಬಲ ಕಿಟಕಿಗೆ ಒಂದು. ನಾಲ್ವರಿಗೂ ಓಡಾಡುವ ದಾರಿ ಪಕ್ಕದಲ್ಲೇ ಸಿಗುತ್ತದೆ. 2-2-2 ಅಂದರೆ ಕಿಟಕಿ ಪಕ್ಕದವರು ನೆರೆಯವರನ್ನು ದಾಟಲೇಬೇಕು. 2-3-2 ಆದರೆ ಇನ್ನೂ ಕಷ್ಟ, ಮಧ್ಯದ ಮೂವರಲ್ಲಿ ನಡುವೆ ಸಿಕ್ಕಿಕೊಂಡವರಿಗೆ ಎರಡೂ ಕಡೆ ಜನ.

ಈಗ ಕಂಪನಿಗಳನ್ನು ನೋಡಿ. ಎಮಿರೇಟ್ಸ್‌ನ ಎ380ಯಲ್ಲಿ ಬಿಸಿನೆಸ್ ಕ್ಲಾಸ್ ಮೇಲಿನ ಮಹಡಿಯಲ್ಲಿದೆ, 1-2-1. ಹಿಂದುಗಡೆ ನಿಂತು ಮಾತಾಡಲು ಒಂದು ಬಾರ್ ಕೂಡ ಇದೆ. ಕುಡಿಯದವರಿಗೂ ಕಾಲು ಸಡಿಲ ಮಾಡಿಕೊಳ್ಳಲು ಅದು ಒಳ್ಳೆಯ ಜಾಗ. ಅದೇ ಎಮಿರೇಟ್ಸ್‌ನ ಹಳೆಯ 777-300ಇಆರ್ ವಿಮಾನಗಳಲ್ಲಿ 2-3-2. 2024ರಿಂದ ಒಂದೊಂದನ್ನೇ 1-2-1ಕ್ಕೆ ಬದಲಾಯಿಸುತ್ತಿದ್ದಾರೆ. ಹೊಸ ಎ350ಯಲ್ಲಿ ಮೊದಲಿಂದಲೂ 1-2-1. ಬೆಂಗಳೂರಿಗೆ ಎಮಿರೇಟ್ಸ್‌ನ ಎ380 ಬರಲು ಶುರುವಾದದ್ದು 2022ರ ಅಕ್ಟೋಬರ್ ಕೊನೆಗೆ. ಅದೇ ದಾರಿಯಲ್ಲಿ 777 ಕೂಡ ಹಾರುತ್ತದೆ. ಅಂದರೆ ಒಂದೇ ಊರಿಂದ, ಒಂದೇ ಕಂಪನಿಯಲ್ಲಿ, ಹೊರಡುವ ಹೊತ್ತು ಬೇರೆಯಾದರೆ ಸೀಟೂ ಬೇರೆಯಾಗಬಹುದು.

ಏರ್ ಇಂಡಿಯಾದಲ್ಲಿ ಈ ಅಂತರ ಇನ್ನೂ ದೊಡ್ಡದು. 2024ರ ಜನವರಿಯಲ್ಲಿ ಹಾರಲು ಶುರುಮಾಡಿದ ಎ350ಯಲ್ಲಿ 28 ಬಿಸಿನೆಸ್ ಸೀಟುಗಳು, 1-2-1, ಪ್ರತಿಯೊಂದಕ್ಕೂ ಜಾರುವ ಬಾಗಿಲು. ವಿಸ್ತಾರಾ 2024ರ ನವೆಂಬರಿನಲ್ಲಿ ಏರ್ ಇಂಡಿಯಾ ಜೊತೆ ಸೇರಿದಾಗ ಬಂದ 787-9 ವಿಮಾನಗಳಲ್ಲೂ 1-2-1. ಆದರೆ ಒಳಗಿನ ಸೀಟು ಬದಲಾಯಿಸದೆ ಉಳಿದ ಹಳೆಯ 787-8ರಲ್ಲಿ 2-2-2. "ಏರ್ ಇಂಡಿಯಾ ಚೆನ್ನಾಗಿದೆ" ಅಂತ ಹೇಳುವವರೂ "ಚೆನ್ನಾಗಿಲ್ಲ" ಅಂತ ಹೇಳುವವರೂ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಅವರು ಕೂತ ವಿಮಾನಗಳು ಬೇರೆ.

ಕತಾರ್ ಏರ್‌ವೇಸ್‌ನ ಕ್ಯೂಸೂಟ್ ಹೆಸರನ್ನು ತುಂಬಾ ಜನ ಕೇಳಿರುತ್ತಾರೆ. 2017ರಲ್ಲಿ ಬಂದದ್ದು. ಬಾಗಿಲು ಇರುವ ಪುಟ್ಟ ಕೋಣೆಯ ಹಾಗಿರುವ ಸೀಟು. ಒಂದು ಸಾಲು ಮುಂದಕ್ಕೆ, ಇನ್ನೊಂದು ಸಾಲು ಹಿಂದಕ್ಕೆ ಮುಖಮಾಡಿರುತ್ತದೆ. ಮಧ್ಯದ ಕೆಲವು ಸೀಟುಗಳ ನಡುವಿನ ತಡೆ ತೆಗೆದರೆ ಇಬ್ಬರಿಗೆ ಒಂದೇ ದೊಡ್ಡ ಹಾಸಿಗೆಯಾಗುತ್ತದೆ, ನಾಲ್ವರು ಎದುರುಬದುರು ಕೂತು ಊಟ ಮಾಡಲೂ ಬರುತ್ತದೆ. ಆದರೆ ಕತಾರ್‌ನ ಎಲ್ಲಾ ವಿಮಾನದಲ್ಲೂ ಇದಿಲ್ಲ. 787-8ರಲ್ಲಿ ಇರುವುದು ಬಾಗಿಲಿಲ್ಲದ ಹಳೆಯ ಸೀಟು. ಅದೂ 1-2-1, ಮಲಗಲು ಚೆನ್ನಾಗಿಯೇ ಇದೆ. ಕ್ಯೂಸೂಟ್ ಅಂದುಕೊಂಡು ಹತ್ತಿದವರಿಗೆ ಮಾತ್ರ ಬೇಸರ.

ಯುರೋಪಿನ ಕಂಪನಿಗಳಲ್ಲೂ ಹೀಗೇ. ಲುಫ್ತಾನ್ಸಾದ ಹಳೆಯ ಸೀಟು 2-2-2, ಜೊತೆಗೆ ಅಕ್ಕಪಕ್ಕದ ಇಬ್ಬರ ಪಾದಗಳು ಒಂದರ ಹತ್ತಿರ ಒಂದು ಬರುತ್ತವೆ. 2024ರಲ್ಲಿ ಬಂದ ಅಲೆಗ್ರಿಸ್ ಸೀಟಿನಲ್ಲಿ ಆ ತೊಂದರೆ ಇಲ್ಲ. ಬ್ರಿಟಿಷ್ ಏರ್‌ವೇಸ್‌ನ ಹಳೆಯ ಸೀಟಿನಲ್ಲಿ ಕಿಟಕಿ ಪಕ್ಕದವರು ನೆರೆಯವರ ಕಾಲು ದಾಟಬೇಕಿತ್ತು. 2019ರಿಂದ ಹಾಕುತ್ತಾ ಬಂದ ಕ್ಲಬ್ ಸೂಟ್ 1-2-1, ಬಾಗಿಲೂ ಇದೆ. ವಿಮಾನದೊಳಗಿನ ಸೀಟು ಬದಲಾಯಿಸಲು ವರ್ಷಗಟ್ಟಲೆ ಹಿಡಿಯುತ್ತದೆ. ಜಾಹೀರಾತಿನ ಚಿತ್ರದಲ್ಲಿ ಮಾತ್ರ ಮೊದಲ ದಿನದಿಂದ ಹೊಸ ಸೀಟೇ ಇರುತ್ತದೆ.

ಪಾದಕ್ಕೆ ಎಷ್ಟು ಜಾಗ?

ಇದು ಚಿತ್ರದಲ್ಲಿ ಕಾಣುವುದಿಲ್ಲ. ಹೆಚ್ಚಿನ ವಿಮರ್ಶೆಗಳಲ್ಲೂ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಮೊಣಕಾಲು ನೋವು, ಪಾದ ಊತ ಇರುವವರಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ.

1-2-1 ಸೀಟುಗಳಲ್ಲಿ ಎರಡು ಮುಖ್ಯ ಜೋಡಣೆಗಳಿವೆ. ಒಂದರಲ್ಲಿ ಸೀಟುಗಳು ಓರೆಯಾಗಿರುತ್ತವೆ, ಮುಖ ಕಿಟಕಿಯ ಕಡೆಗೆ ತಿರುಗಿರುತ್ತದೆ. ಇದಕ್ಕೆ ರಿವರ್ಸ್ ಹೆರಿಂಗ್‌ಬೋನ್ ಅನ್ನುತ್ತಾರೆ. ಇನ್ನೊಂದರಲ್ಲಿ ಸೀಟುಗಳು ನೇರ ಮುಂದಕ್ಕೆ ಇರುತ್ತವೆ. ಆದರೆ ಒಂದು ಸಾಲಿನ ಸೀಟು ಕಿಟಕಿಗೆ ಅಂಟಿಕೊಂಡಿದ್ದರೆ, ಅದರ ಹಿಂದಿನದು ದಾರಿಯ ಬದಿಗೆ. ಇದು ಸ್ಟ್ಯಾಗರ್ಡ್. ಈ ಎರಡನೆಯ ಬಗೆಯಲ್ಲಿ ನಿಮ್ಮ ಪಾದ ಹೋಗುವುದು ಮುಂದಿನವರ ಪಕ್ಕದ ಮೇಜಿನ ಅಡಿಯ ಗೂಡಿಗೆ. ಮೇಜು ಕಿರಿದಾದರೆ ಗೂಡೂ ಕಿರಿದು. ಮಗ್ಗುಲಾಗಿ ಮಲಗಿದರೆ ಮೇಲಿನ ಪಾದ ಚಾವಣಿಗೆ ತಾಗುತ್ತದೆ. ಸಣ್ಣ ಮೈಕಟ್ಟಿನವರಿಗೂ ರಾತ್ರಿಯಿಡೀ ಕಾಲು ಕಟ್ಟಿಹಾಕಿದ ಹಾಗೆ ಅನ್ನಿಸಬಹುದು.

ನಮ್ಮ ಅತ್ತೆಯೊಬ್ಬರು ಮೊಣಕಾಲಿನ ಆಪರೇಷನ್ ಆದ ಮೇಲೆ ಹೀಗೊಂದು ಸೀಟಿನಲ್ಲಿ ಹೋಗಿ ಬಂದರು. "ಹಾಸಿಗೆ ಮೆತ್ತಗಿತ್ತು, ಕಾಲು ಮಡಚಲೂ ಆಗಲಿಲ್ಲ, ಬಿಡಿಸಲೂ ಆಗಲಿಲ್ಲ" ಅಂದರು. ಮರಳಿ ಬರುವಾಗ ಅದೇ ವಿಮಾನದಲ್ಲಿ ಮೊದಲ ಸಾಲು ಸಿಕ್ಕಿತು, ಒಳ್ಳೆಯ ನಿದ್ದೆ ಬಂತು. ಕಾರಣ ಇಷ್ಟೇ: ಮೊದಲ ಸಾಲಿನವರ ಮುಂದೆ ಬೇರೆ ಸೀಟಿಲ್ಲ, ಗೋಡೆ ಇದೆ. ಅಲ್ಲಿ ಗೂಡಿನ ಬದಲು ಅಗಲವಾದ ಕಾಲುಮಣೆ ಬರುತ್ತದೆ. ಸ್ಟ್ಯಾಗರ್ಡ್ ಜೋಡಣೆಯ ಬಹಳ ವಿಮಾನಗಳಲ್ಲಿ ಇದು ನಿಜ. ಆದ್ದರಿಂದ ಕಾಲಿನ ತೊಂದರೆ ಇರುವವರಿಗೆ ಮೊದಲ ಸಾಲು ಸಿಗುತ್ತದಾ ನೋಡಿ. ಅಡುಗೆ ಜಾಗವೋ ಬಾತ್‌ರೂಮೋ ಗೋಡೆಯ ಆಚೆಗೇ ಇದ್ದರೆ ಸದ್ದು, ಬೆಳಕು ಇರುತ್ತದೆ. ಕಾಲು ನೋವಿನ ಮುಂದೆ ಅದು ಸಹಿಸಬಹುದಾದದ್ದು ಅಂತ ನನ್ನ ಅಭಿಪ್ರಾಯ. ನಿದ್ದೆ ಸೂಕ್ಷ್ಮ ಇರುವವರು ಬೇರೆ ಆರಿಸಲಿ.

ಅಗಲದ ಅಂಕಿಯನ್ನೂ ಪೂರ್ತಿ ನಂಬಬಾರದು. ಸಿಂಗಪುರ್ ಏರ್‌ಲೈನ್ಸ್‌ನ ದೂರದ ಹಾರಾಟದ 777-300ಇಆರ್‌ನಲ್ಲಿ ಸೀಟು 28 ಇಂಚು ಅಗಲ. ಕೂರಲು ಇಷ್ಟು ಧಾರಾಳ ಜಾಗ ಬೇರೆ ಕಡೆ ಸಿಗುವುದು ಕಷ್ಟ. ಆದರೆ ಮಲಗಬೇಕಾದರೆ ಎದ್ದು ನಿಲ್ಲಬೇಕು, ಬೆನ್ನಿನ ಭಾಗವನ್ನು ಮುಂದಕ್ಕೆ ಮಗುಚಿ ಹಾಸಿಗೆ ಮಾಡಬೇಕು. ಪಾದದ ಗೂಡು ಒಂದು ಮೂಲೆಯಲ್ಲಿ ಇರುವುದರಿಂದ ಓರೆಯಾಗಿ ಮಲಗಬೇಕು. ಸಿಬ್ಬಂದಿ ಬಂದು ಹಾಸಿಕೊಡುತ್ತಾರೆ, ನಿಜ. ಅರ್ಧ ರಾತ್ರಿಯಲ್ಲಿ ಸ್ವಲ್ಪ ಹೊತ್ತು ಎದ್ದು ಕೂರಬೇಕು ಅನ್ನಿಸಿದರೆ ಮತ್ತೆ ಅವರನ್ನೇ ಕರೆಯಬೇಕು. ಒಂದು ಗುಂಡಿ ಒತ್ತಿದರೆ ಕೂತಲ್ಲೇ ಹಾಸಿಗೆಯಾಗುವ ಸೀಟು ಮುದುಕರಿಗೆ ಹೆಚ್ಚು ಅನುಕೂಲ.

ಬಾಗಿಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಆಳೆತ್ತರಕ್ಕಿಂತ ಕಡಿಮೆ ಇರುತ್ತದೆ, ನಿಂತವರಿಗೆ ಒಳಗೆ ಕಾಣುತ್ತದೆ. ಹೊರಡುವಾಗ, ಇಳಿಯುವಾಗ ತೆರೆದೇ ಇರಬೇಕು ಅನ್ನುವುದು ಸುರಕ್ಷತೆಯ ನಿಯಮ. ಸೀರೆ ಉಟ್ಟು ಮಲಗುವವರಿಗೆ ಒಂದು ಮರೆ ಸಿಗುತ್ತದೆ, ಅದು ಸಣ್ಣ ಲಾಭವೇನಲ್ಲ. ಆದರೆ ಬಾಗಿಲಿಗಾಗಿ ಅಂತಲೇ ಹೆಚ್ಚು ಹಣ ಕೊಡಬೇಕಾಗಿಲ್ಲ.

ಇಬ್ಬರೂ ಒಟ್ಟಿಗೆ ಹೋಗುವುದಾದರೆ ಕಿಟಕಿಯ ಆಸೆ ಬಿಟ್ಟು ಮಧ್ಯದ ಜೋಡಿ ಸೀಟು ತೆಗೆಯಿರಿ. ಅಲ್ಲೂ ಒಂದು ಸೂಕ್ಷ್ಮ ಇದೆ. ಸ್ಟ್ಯಾಗರ್ಡ್ ಜೋಡಣೆಯಲ್ಲಿ ಒಂದು ಸಾಲಿನ ಮಧ್ಯದ ಇಬ್ಬರು ಭುಜಕ್ಕೆ ಭುಜ ಹತ್ತಿರ, ಮುಂದಿನ ಸಾಲಿನ ಇಬ್ಬರು ದೂರ ದೂರ. ಎಮಿರೇಟ್ಸ್‌ನ ಎ380ಯಲ್ಲಿ ಇ ಮತ್ತು ಎಫ್ ಅಕ್ಷರದ ಸೀಟುಗಳು ಹತ್ತಿರ ಇರುವ ಜೋಡಿ, ಡಿ ಮತ್ತು ಜಿ ದೂರ ಇರುವ ಜೋಡಿ. ಒಬ್ಬರಿಗೆ ಮಾತ್ರೆ ಕೊಡುವುದು, ಟಿವಿ ಹಚ್ಚಿಕೊಡುವುದು ಇನ್ನೊಬ್ಬರ ಕೆಲಸವಾದರೆ ಈ ಅಕ್ಷರಗಳ ವ್ಯತ್ಯಾಸ ದೊಡ್ಡದೇ.

ವಿಮಾನದ ಗಾಳಿಯೂ ಸೌಕರ್ಯದ ಭಾಗ

ಸೀಟಿನಷ್ಟೇ ಮುಖ್ಯವಾದ ಇನ್ನೊಂದು ಸಂಗತಿಗೆ ಯಾವ ಕಂಪನಿಯೂ ಬೇರೆಯಾಗಿ ದರ ಹಾಕುವುದಿಲ್ಲ. ವಿಮಾನ ಹತ್ತಾರು ಸಾವಿರ ಅಡಿ ಮೇಲೆ ಹಾರುವಾಗ ಒಳಗೆ ಗಾಳಿಯ ಒತ್ತಡವನ್ನು ಕೃತಕವಾಗಿ ಹಿಡಿದಿಡುತ್ತಾರೆ. ಹಾಗಿದ್ದರೂ ಅದು ನೆಲದ ಮಟ್ಟದಷ್ಟು ಇರುವುದಿಲ್ಲ. ಹಳೆಯ ವಿನ್ಯಾಸದ ವಿಮಾನಗಳಲ್ಲಿ ಅದು 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯವರೆಗೂ ಇಳಿಯಬಹುದು. ಬೋಯಿಂಗ್ 787 ಮತ್ತು ಏರ್‌ಬಸ್ ಎ350ರಲ್ಲಿ ಸುಮಾರು 6,000 ಅಡಿಗೆ ನಿಲ್ಲುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ ಇದೆ, ಅದಕ್ಕಿಂತ ಸ್ವಲ್ಪ ಕೆಳಗೆ. ಜೊತೆಗೆ ಈ ಎರಡು ವಿಮಾನಗಳಲ್ಲಿ ತೇವಾಂಶವನ್ನೂ ಸ್ವಲ್ಪ ಹೆಚ್ಚು ಇಡುತ್ತಾರೆ. ಇದು ಸಾಧ್ಯವಾದದ್ದು ಮೈಕಟ್ಟಿನಿಂದ. ಇವುಗಳ ಒಡಲು ಬಹುಪಾಲು ಕಾರ್ಬನ್ ನಾರಿನ ಮಿಶ್ರಣದ್ದು. ಅಲ್ಯೂಮಿನಿಯಂ ಹಾಗೆ ತುಕ್ಕಿನ ಭಯ, ಒತ್ತಡ ಏರಿಳಿದು ಸವೆಯುವ ಭಯ ಇದಕ್ಕೆ ಅಷ್ಟಿಲ್ಲ.

ಕರಾವಳಿಯ ಒದ್ದೆ ಗಾಳಿಗೆ ಒಗ್ಗಿದ ಮೈಗೆ ವಿಮಾನದ ಒಣ ಗಾಳಿ ಬೇಗ ಗೊತ್ತಾಗುತ್ತದೆ. ಮೂಗು ಒಣಗುವುದು, ಕಣ್ಣು ಉರಿಯುವುದು, ತಲೆ ಭಾರ. 1-2-1 ಸೀಟು ಇರುವ ಎರಡು ಹಾರಾಟಗಳಲ್ಲಿ ಒಂದು ಹಳೆಯ 777, ಇನ್ನೊಂದು ಎ350 ಆಗಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಎ350 ಒಳಗೆ ಸದ್ದೂ ಕಡಿಮೆ. ಹೃದಯದ್ದೋ ಉಸಿರಾಟದ್ದೋ ತೊಂದರೆ ಇರುವವರು ಯಾವ ವಿಮಾನವೇ ಆಗಲಿ, ಮೊದಲು ಡಾಕ್ಟರನ್ನು ಕೇಳಿಯೇ ಹೊರಡಬೇಕು.

ಸೇವೆ ಅಂದರೆ ಏನೇನು?

ವಿಮಾನದಲ್ಲಿ ಕನಿಷ್ಠ ಎಷ್ಟು ಸಿಬ್ಬಂದಿ ಇರಬೇಕು ಅಂತ ಸುರಕ್ಷತೆಯ ನಿಯಮವಿದೆ, ಸಾಮಾನ್ಯವಾಗಿ 50 ಸೀಟಿಗೆ ಒಬ್ಬರು. ಬಿಸಿನೆಸ್ ಕ್ಲಾಸಿನಲ್ಲಿ ಕಂಪನಿಗಳು ಇದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಹಾಕುತ್ತವೆ. ಹೆಸರು ಹಿಡಿದು ಮಾತಾಡಿಸುವುದು, ಕರೆದ ಕೂಡಲೇ ಬರುವುದು ಇದರಿಂದಲೇ. ಸಿಂಗಪುರ್, ಜಪಾನಿನ ಕಂಪನಿಗಳು ಸಿಬ್ಬಂದಿಯ ನಯ ನಾಜೂಕಿಗೆ ಹೆಸರಾದವು. ಕೊಲ್ಲಿಯ ಕಂಪನಿಗಳು ಧಾರಾಳಕ್ಕೆ ಹೆಸರಾದವು. ಕತಾರ್‌ನಲ್ಲಿ ಊಟವನ್ನು ನಿಮಗೆ ಬೇಕಾದ ಹೊತ್ತಿಗೆ ಕೇಳಬಹುದು. ಇದು ಬಹಳ ಒಳ್ಳೆಯ ಏರ್ಪಾಡು. ರಾತ್ರಿ ಎರಡು ಗಂಟೆಗೆ ಹೊರಟ ವಿಮಾನದಲ್ಲಿ ಆಯಿ ಮೊದಲು ಮಲಗಿ, ಎದ್ದ ಮೇಲೆ ಉಣ್ಣಬಹುದು. ಎಲ್ಲರಿಗೂ ಒಟ್ಟಿಗೆ ಬಡಿಸುವ ಕಡೆ ಊಟ ಮುಗಿಯುವವರೆಗೆ ದೀಪ ಆರುವುದಿಲ್ಲ.

ಊಟದ ವಿಷಯದಲ್ಲಿ ನಮ್ಮವರು ಎಡವುವುದು ಕೋಡ್‌ಗಳಲ್ಲಿ. ವಿಶೇಷ ಊಟಗಳಿಗೆ ನಾಲ್ಕು ಅಕ್ಷರದ ಸಂಕೇತಗಳಿವೆ. ಎವಿಎಂಎಲ್ ಅಂದರೆ ನಮ್ಮ ಕಡೆಯ ಮಸಾಲೆಯ ಸಸ್ಯಾಹಾರ. ವಿಜೆಎಂಎಲ್ ಅಂದರೆ ಜೈನ ಊಟ, ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ. ಈರುಳ್ಳಿ ತಿನ್ನದ ಹಿರಿಯರಿಗೆ ಇದೇ ಸರಿ. ವಿಜಿಎಂಎಲ್ ಅಂದರೆ ಹಾಲು, ಮೊಸರು, ತುಪ್ಪ ಏನೂ ಇಲ್ಲದ ವೀಗನ್ ಊಟ. ಎಚ್‌ಎನ್‌ಎಂಎಲ್ ಅನ್ನು "ಹಿಂದೂ ಮೀಲ್" ಅಂತ ತೋರಿಸುತ್ತಾರೆ. ಹೆಸರು ನೋಡಿ ಸಸ್ಯಾಹಾರ ಅಂದುಕೊಳ್ಳಬೇಡಿ, ಅದು ಮಾಂಸಾಹಾರ. ದನದ ಮಾಂಸ ಇರುವುದಿಲ್ಲ ಅಷ್ಟೇ. ಸಾಮಾನ್ಯವಾಗಿ ಹೊರಡುವ 24 ಗಂಟೆಗೆ ಮುಂಚೆ ಹೇಳಿರಬೇಕು. ಎರಡು ವಿಮಾನ ಬದಲಾಯಿಸುವುದಿದ್ದರೆ ಎರಡಕ್ಕೂ ಸೇರಿದೆಯಾ ಅಂತ ನೋಡಬೇಕು.

ರುಚಿಯ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬಾರದು. ಊಟ ತಯಾರಾಗುವುದು ನೆಲದ ಮೇಲಿನ ಅಡುಗೆಮನೆಯಲ್ಲಿ. ತಂಪು ಮಾಡಿ ತಂದು, ವಿಮಾನದಲ್ಲಿ ಬಿಸಿ ಮಾಡಿ ಕೊಡುತ್ತಾರೆ. ಒಣ ಗಾಳಿ, ಕಡಿಮೆ ಒತ್ತಡ, ಎಂಜಿನ್ ಸದ್ದು ಸೇರಿ ನಾಲಿಗೆಗೆ ಉಪ್ಪು, ಸಿಹಿ ಮಂದವಾಗುತ್ತವೆ. ಅಪ್ಪೆಹುಳಿ, ತಂಬುಳಿಯ ನಾಲಿಗೆಗೆ ಅಲ್ಲಿನ ಊಟ ಸಪ್ಪೆ ಅನ್ನಿಸುವುದು ಸಹಜ. ನೀರು, ಮೊಸರು, ಹಣ್ಣು ಕೇಳಿದಷ್ಟು ಕೊಡುತ್ತಾರೆ. ಕೇಳಲು ಸಂಕೋಚ ಬೇಡ ಅಂತ ಆಯಿಗೆ ಮುಂಚೆಯೇ ಹೇಳಿಕೊಟ್ಟಿರಿ.

ಸೀಟಿನ ಗುಂಡಿಗಳನ್ನೂ ಹಾಗೇ. ಹತ್ತಿದ ಕೂಡಲೇ ಸಿಬ್ಬಂದಿಯನ್ನು ಕರೆದು ಮೂರು ವಿಷಯ ತೋರಿಸಿಕೊಳ್ಳಲು ಹೇಳಿ: ಹಾಸಿಗೆ ಮಾಡುವುದು, ಮತ್ತೆ ಕೂರುವ ಹಾಗೆ ಮಾಡುವುದು, ಸಿಬ್ಬಂದಿಯನ್ನು ಕರೆಯುವ ಗುಂಡಿ. ಕೆಲವು ಸೀಟುಗಳಲ್ಲಿ ಬೆಲ್ಟ್ ದಪ್ಪ ಇರುತ್ತದೆ, ಒಳಗೆ ಗಾಳಿಚೀಲ ಇರುವುದರಿಂದ. ಅದು ಕೆಟ್ಟಿದೆ ಅಂತ ಗಾಬರಿಯಾಗಬೇಕಾಗಿಲ್ಲ.

ಲಾಂಜ್, ಅಂದರೆ ನಿಲ್ದಾಣದಲ್ಲಿ ಬಿಸಿನೆಸ್ ಟಿಕೆಟ್ಟಿನವರು ಕೂತು ಕಾಯುವ ಕೋಣೆ, ಅದರ ಬಗ್ಗೆ ಒಂದೇ ಮಾತು. ನಡುವಿನ ಊರಲ್ಲಿ ನಾಲ್ಕೈದು ಗಂಟೆ ಕಾಯುವುದಿದ್ದರೆ ಅದು ದೊಡ್ಡ ಅನುಕೂಲ. ಒಂದೂವರೆ ಗಂಟೆಯಲ್ಲಿ ವಿಮಾನ ಬದಲಾಯಿಸುವುದಿದ್ದರೆ ಅದರ ಬಾಗಿಲನ್ನೂ ನೋಡಲು ಆಗುವುದಿಲ್ಲ. ವೀಲ್‌ಚೇರ್ ಸಹಾಯಕ್ಕಂತೂ ಬಿಸಿನೆಸ್ ಟಿಕೆಟ್ ಬೇಕಾಗಿಯೇ ಇಲ್ಲ. ನಡೆಯಲು ಕಷ್ಟ ಇರುವವರು ಎಕಾನಮಿಯಲ್ಲೂ ಕೇಳಬಹುದು, ಟಿಕೆಟ್ ಮಾಡುವಾಗಲೇ ಹೇಳಬೇಕು. ಸಾಮಾನಿನ ಲಾಭ ಮಾತ್ರ ಕಣ್ಣಿಗೆ ಕಾಣುವಂಥದ್ದು. ಅಮೆರಿಕದ ದಾರಿಯಲ್ಲಿ ಎಕಾನಮಿಗೆ ಸಾಮಾನ್ಯವಾಗಿ 23 ಕಿಲೋದ ಎರಡು ಪೆಟ್ಟಿಗೆ, ಬಿಸಿನೆಸ್‌ಗೆ 32 ಕಿಲೋದ ಎರಡು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಬಾಣಂತಿಯ ಲೇಹ್ಯಕ್ಕೆ ಆ ಹದಿನೆಂಟು ಕಿಲೋ ಏನು ಅಂತ ಬಾಣಂತನಕ್ಕೆ ಹೊರಟವರನ್ನೇ ಕೇಳಬೇಕು. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಪೆಟ್ಟಿಗೆಯಲ್ಲೇ ಇರಲಿ.

ಹಣ ಎಲ್ಲಿ ಹಾಕಬೇಕು?

ಗೋವಾದಿಂದ, ಮಂಗಳೂರಿನಿಂದ, ಬೆಂಗಳೂರಿನಿಂದ ಕೊಲ್ಲಿಗೆ ಸುಮಾರು ನಾಲ್ಕು ಗಂಟೆ. ಅಲ್ಲಿಂದ ಅಮೆರಿಕಕ್ಕೆ ಹದಿನಾಲ್ಕು, ಹದಿನೈದು ಗಂಟೆ, ಪಶ್ಚಿಮ ತೀರಕ್ಕಾದರೆ ಇನ್ನೂ ಹೆಚ್ಚು. ನಾಲ್ಕು ಗಂಟೆಗೆ ಬಿಸಿನೆಸ್ ಕ್ಲಾಸ್ ಸುಮ್ನೆ ದುಬಾರಿ ಅಂತ ನನ್ನ ಖಚಿತ ಅಭಿಪ್ರಾಯ. ಉದ್ದದ ಹಾರಾಟಕ್ಕೆ ಬಿಸಿನೆಸ್, ಸಣ್ಣದಕ್ಕೆ ಎಕಾನಮಿ ಅಂತ ಬೆರೆಸಿ ಟಿಕೆಟ್ ಮಾಡಲು ಆಗುತ್ತದಾ ಕೇಳಿ. ಕೆಲವೊಮ್ಮೆ ಬೆರೆಸಿದರೂ ದರ ಇಳಿಯುವುದಿಲ್ಲ. ಆದ್ದರಿಂದ ಎರಡೂ ರೀತಿ ಲೆಕ್ಕ ಹಾಕಿ ನೋಡಬೇಕು. ಭಟ್ಕಳದಿಂದ ದುಬೈಗೆ ಅಷ್ಟೇ ಹೋಗಿ ಬರುವವರು ಆ ಹಣವನ್ನು ಬೇರೆ ಯಾವುದಕ್ಕಾದರೂ ಉಳಿಸಿಕೊಳ್ಳುವುದು ಒಳ್ಳೆಯದು.

ಹೋಗುವಾಗ ಬಿಸಿನೆಸ್, ಬರುವಾಗ ಎಕಾನಮಿ ಅಂತಲೂ ಮಾಡಬಹುದು. ರಾತ್ರಿ ಹಾರುವ ಕಡೆಗೆ ಹಾಸಿಗೆ ಇರಲಿ. ಇನ್ನೊಂದು ಆಯ್ಕೆ ಪ್ರೀಮಿಯಂ ಎಕಾನಮಿ. ಅದು ಒರಗುವ ಸೀಟು. ಕಾಲಿಗೆ ಜಾಗ ಚೆನ್ನಾಗಿರುತ್ತದೆ, ಮಲಗಲು ಆಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಎಕಾನಮಿ ಬಿಟ್ಟು ಮೇಲಿನ ದರ್ಜೆಗಳಿಗೆ ಜಿಎಸ್‌ಟಿ 12ರಿಂದ 18 ಶೇಕಡಾಕ್ಕೆ ಏರಿದೆ, ಎಕಾನಮಿಗೆ 5 ಶೇಕಡಾವೇ ಉಳಿದಿದೆ. ಹಳೆಯ ದರ ನೆನಪಿಟ್ಟುಕೊಂಡು ಲೆಕ್ಕ ಹಾಕಬೇಡಿ.

ಯುರೋಪಿನ ಮೇಲೆ ಹೋಗುವವರಿಗೆ ಒಂದು ಎಚ್ಚರಿಕೆ. ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್‌ನಿಂದ ಯುರೋಪಿನೊಳಗಿನ ಊರುಗಳಿಗೆ ಹಾರುವ ಸಣ್ಣ ವಿಮಾನಗಳಲ್ಲಿ "ಬಿಸಿನೆಸ್" ಅಂದರೆ ಎಕಾನಮಿಯ ಸೀಟೇ. ಮೂರರಲ್ಲಿ ಮಧ್ಯದ್ದನ್ನು ಖಾಲಿ ಬಿಡುತ್ತಾರೆ, ಊಟ ಚೆನ್ನಾಗಿ ಕೊಡುತ್ತಾರೆ. ಅಮೆರಿಕದ ಒಳಗಿನ ಹಾರಾಟದಲ್ಲಿ "ಫಸ್ಟ್" ಅಂತ ಬರೆದಿದ್ದರೂ ಹೆಚ್ಚಾಗಿ ಒರಗುವ ಸೀಟೇ ಇರುತ್ತದೆ.

ಟಿಕೆಟ್ ಮಾಡುವ ಮುಂಚೆ ನೋಡುವ ಕ್ರಮ ಹೀಗೆ. ಗೂಗಲ್ ಫ್ಲೈಟ್ಸ್‌ನಲ್ಲಿ ಬಿಸಿನೆಸ್ ಆರಿಸಿ, ಒಂದು ಹಾರಾಟವನ್ನು ಬಿಚ್ಚಿ ನೋಡಿದರೆ ವಿಮಾನದ ಹೆಸರೂ, ಸೀಟು ಮಲಗುವುದೋ, ಒರಗುವುದೋ, ಬಾಗಿಲಿನ ಸೂಟೋ ಅನ್ನುವುದೂ ಕಾಣುತ್ತದೆ. ಆಮೇಲೆ ಕಂಪನಿಯ ವೆಬ್‌ಸೈಟಿನಲ್ಲಿ ಸೀಟಿನ ನಕ್ಷೆ ತೆರೆದು ಒಂದು ಸಾಲಿನಲ್ಲಿ ನಾಲ್ಕು ಸೀಟಿದೆಯಾ, ಆರು ಏಳು ಇದೆಯಾ ಎಣಿಸಿ. ಏರೋಲೋಪಾ ಅನ್ನುವ ತಾಣದಲ್ಲಿ ಕಂಪನಿವಾರು, ವಿಮಾನವಾರು ನಕ್ಷೆಗಳು ಅಳತೆಗೆ ಸರಿಯಾಗಿ ಸಿಗುತ್ತವೆ. ಕಿಟಕಿ ಎಲ್ಲಿ, ಬಾತ್‌ರೂಮ್ ಎಲ್ಲಿ, ಯಾವ ಸಾಲು ದಾರಿಗೆ ಹತ್ತಿರ ಅನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಟಿಕೆಟ್ಟಿನಲ್ಲಿ ಒಂದು ಕಂಪನಿಯ ಹೆಸರಿದ್ದು, ಕೆಳಗೆ ಸಣ್ಣ ಅಕ್ಷರದಲ್ಲಿ "ಆಪರೇಟೆಡ್ ಬೈ" ಅಂತ ಇನ್ನೊಂದು ಹೆಸರಿದ್ದರೆ, ನೀವು ಕೂರುವುದು ಆ ಎರಡನೆಯ ಕಂಪನಿಯ ವಿಮಾನದಲ್ಲಿ. ನಕ್ಷೆಯನ್ನೂ ಅವರದ್ದನ್ನೇ ನೋಡಬೇಕು.

ಇಷ್ಟೆಲ್ಲ ನೋಡಿ ಆರಿಸಿದ ಮೇಲೂ ವಿಮಾನ ಬದಲಾಗಬಹುದು. ರಿಪೇರಿ, ಜನರ ಸಂಖ್ಯೆ, ಹೀಗೆ ಕಾರಣ ಏನೂ ಇರಬಹುದು. ವಿಮಾನ ಬದಲಾಯಿಸುವ ಹಕ್ಕನ್ನು ಕಂಪನಿಗಳು ಷರತ್ತಿನಲ್ಲೇ ಬರೆದುಕೊಂಡಿರುತ್ತವೆ. ಹಾಗಾದಾಗ ನೀವು ಆರಿಸಿದ ಸೀಟು ನಂಬರು ತಾನಾಗಿ ಬೇರೆ ಕಡೆಗೆ ಹೋಗಿರುತ್ತದೆ. ಅಪ್ಪಯ್ಯ ಒಂದು ಕಡೆ, ಆಯಿ ಇನ್ನೊಂದು ಕಡೆ ಆಗಿಬಿಡಬಹುದು. ಅದಕ್ಕೇ ಹೊರಡುವ ಒಂದು ವಾರ ಮೊದಲು ಒಮ್ಮೆ, ಚೆಕ್-ಇನ್ ತೆರೆದ ಕೂಡಲೇ ಇನ್ನೊಮ್ಮೆ ನಕ್ಷೆ ತೆರೆದು ನೋಡಿ. ಸೀಟು ಬೇರೆ ಬೇರೆಯಾಗಿದ್ದರೆ ಆಗಲೇ ಕಂಪನಿಗೆ ಫೋನ್ ಮಾಡಿ, ವಯಸ್ಸು ಮತ್ತು ಕಾಲಿನ ತೊಂದರೆ ಹೇಳಿ ಜೋಡಿ ಸೀಟು ಕೇಳಿ. ನಿಲ್ದಾಣದ ಕೌಂಟರಿನಲ್ಲಿ ಕೇಳುವುದಕ್ಕಿಂತ ಆಗ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಆ ಹೊತ್ತಿಗೆ ಖಾಲಿ ಸೀಟುಗಳು ಇನ್ನೂ ಉಳಿದಿರುತ್ತವೆ.